ಮಂಗಳೂರಿನಲ್ಲಿ ಕಾರ್ಲ್ ವೋಸ್: ಕೆಂಪಾದ ಒಣಮೀನಿನಿಂದ ಬೈಲುಗದ್ದೆಯವರೆಗೆ

ಶುಕ್ರವಾರ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕುಳಿತು ಇಡೀ ಜೀವಜಗತ್ತಿನ ವಂಶವೃಕ್ಷವನ್ನೇ ತಿದ್ದಿದ ಸೂಕ್ಷ್ಮಜೀವಿ ವಿಜ್ಞಾನಿ ಕಾರ್ಲ್ ವೋಸ್ ಅವರ ಕೊಡುಗೆಯನ್ನು ಸ್ಮರಿಸಲು ಮಂಗಳೂರಿನ ಕಾಲೇಜೊಂದು ವಿಚಾರ ಸಂಕಿರಣ ಏರ್ಪಡಿಸಿದೆ, ಅದಕ್ಕೆ ಯಾರು ಬೇಕಾದರೂ ಬರಬಹುದು ಎಂದು ಸ್ನೇಹಿತರೊಬ್ಬರು ತಿಳಿಸಿದರು. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ವರ್ಷವೂ, ಬ್ಯಾಕ್ಟೀರಿಯಾಗಳಂತೆ ಕಂಡರೂ ಬೇರೆಯೇ ಶಾಖೆಗೆ ಸೇರಿದ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಬಗ್ಗೆ ಅರ್ಧ ಪುಟದಷ್ಟು ಪಾಠ ಮಾಡಿ ಮುಂದಕ್ಕೆ ಹೋಗುವವನು. ಸೋಮವಾರ ಕನಕ ಜಯಂತಿಯ ರಜೆಯೂ ಕೂಡಿ ಬಂದಿದ್ದರಿಂದ ಶುಕ್ರವಾರ ಹಾಸನದಲ್ಲಿ ಕಾರವಾರಕ್ಕೆ ಹೋಗುವ ಹಗಲು ರೈಲು ಹತ್ತಿದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಮೊಬೈಲಿಗೆ ಸಿಗ್ನಲ್ ಇಲ್ಲದ ಆ ಹೊತ್ತನ್ನು ನಾನು ಮುದ್ರಿಸಿ ತಂದಿದ್ದ ಒಂದು ಸಂಶೋಧನಾ ಲೇಖನಕ್ಕೆ ಕೊಟ್ಟೆ. 1977ರ ನವೆಂಬರಿನಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಲೇಖನಕ್ಕೆ ಮೂರೇ ಪುಟ. ಅದರಲ್ಲಿ ಚಿತ್ರವೊಂದೂ ಇಲ್ಲ, ಇರುವುದು ಒಂದು ಕೋಷ್ಟಕ ಮಾತ್ರ. ಜಗತ್ತಿನ ಜೀವಿಗಳೆಲ್ಲ ಎರಡಲ್ಲ, ಮೂರು ಮೂಲ ಶಾಖೆಗಳಿಗೆ ಸೇರಿವೆ ಎಂಬ ವಾದ ಆ ಕೋಷ್ಟಕದ ಅಂಕಿಗಳ ಮೇಲೆಯೇ ನಿಂತಿದೆ.

ಸಂಜೆಯ ಉದ್ಘಾಟನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೀಪ ಬೆಳಗುವುದು, ಶಾಲು ಹೊದಿಸುವುದು, ವೇದಿಕೆಯ ಮೇಲಿದ್ದ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರನ್ನೂ ಹೆಸರಿಟ್ಟು ಸ್ವಾಗತಿಸುವುದು ಇವೆಲ್ಲ ಮುಗಿಯುವಾಗ ಮೊದಲ ಉಪನ್ಯಾಸಕ್ಕೆ ಇಟ್ಟ ಸಮಯದ ಅರ್ಧ ಭಾಗ ಕಳೆದುಹೋಗಿತ್ತು. ಆದರೂ ಉಪನ್ಯಾಸಕರು ಅವಸರಪಡದೆ ವೋಸ್ ಅವರ ಜೀವನದ ಮುಖ್ಯ ಎಳೆಯನ್ನು ಬಿಡಿಸಿಟ್ಟರು. 1928ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಹುಟ್ಟಿದ ವೋಸ್ ಪದವಿಯಲ್ಲಿ ಓದಿದ್ದು ಗಣಿತ ಮತ್ತು ಭೌತಶಾಸ್ತ್ರವನ್ನು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಜೈವಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1964ರಲ್ಲಿ ಇಲಿನಾಯ್‌ನ ಅರ್ಬಾನಾಕ್ಕೆ ಬಂದು ಕೊನೆಯವರೆಗೂ ಅಲ್ಲಿಯೇ ಉಳಿದರು. ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆಕಾರದಿಂದ ಗುರುತಿಸುವ ಸಂಪ್ರದಾಯದಲ್ಲಿ ಪಳಗಿದವರು ಅವರಲ್ಲ ಎಂಬ ಮಾತನ್ನು ಉಪನ್ಯಾಸಕರು ಒತ್ತಿ ಹೇಳಿದರು.

ಆ ಸಂಪ್ರದಾಯದ ಕಷ್ಟ ಏನೆಂದರೆ, ಕಡ್ಡಿ, ಗುಂಡು, ಸುರುಳಿ ಎಂಬ ಕೆಲವೇ ಆಕಾರಗಳಲ್ಲಿರುವ ಜೀವಿಗಳ ನಂಟನ್ನು ಆಕಾರದಿಂದ ಹೇಳಲು ಬರುವುದಿಲ್ಲ. 1962ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳಾದ ರೋಜರ್ ಸ್ಟಾನಿಯರ್ ಮತ್ತು ವ್ಯಾನ್ ನೀಲ್ ಕೋಶಕೇಂದ್ರವಿಲ್ಲದ ಜೀವಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದಾಗ, ಅವುಗಳ ಒಳಗಿನ ವಂಶಾವಳಿಯನ್ನು ಪತ್ತೆಹಚ್ಚುವ ಆಸೆಯನ್ನು ಹೆಚ್ಚಿನವರು ಬಿಟ್ಟೇ ಬಿಟ್ಟಿದ್ದರು. 1969ರ ಜೂನ್‌ನಲ್ಲಿ ವೋಸ್, ಡಿಎನ್‌ಎ ರಚನೆಯನ್ನು ಬಿಡಿಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರಿಗೆ ಒಂದು ಪತ್ರ ಬರೆದು, ಜೀವಕೋಶದೊಳಗಿನ ಅಣುಗಳ ಅಕ್ಷರಸಾಲುಗಳನ್ನೇ ಪಳೆಯುಳಿಕೆಗಳಂತೆ ಓದಿ ಕೋಟ್ಯಂತರ ವರ್ಷಗಳ ಹಿಂದಕ್ಕೆ ಹೋಗುವ ತಮ್ಮ ಯೋಜನೆಯನ್ನು ವಿವರಿಸಿದರು. ಓದಲು ಅವರು ಆರಿಸಿಕೊಂಡದ್ದು ಪ್ರೊಟೀನ್ ತಯಾರಿಸುವ ರೈಬೋಸೋಮಿನ ಒಂದು ಅಂಗವಾದ 16ಎಸ್ ಆರ್‌ಎನ್‌ಎ ಅಣುವನ್ನು. ಅದು ಎಲ್ಲ ಜೀವಿಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ, ಎಲ್ಲ ಕಡೆಯೂ ಒಂದೇ ಕೆಲಸ ಮಾಡುತ್ತದೆ, ಬದಲಾಗುವುದು ಬಹಳ ನಿಧಾನ.

ಶನಿವಾರ

ಬೆಳಗಿನ ಅಧಿವೇಶನವೇ ಇಡೀ ಸಂಕಿರಣದ ತಿರುಳು ಎಂದು ನನ್ನ ಅಭಿಪ್ರಾಯ. ಭಾಷಣದ ಬದಲು ಮೇಜುಗಳನ್ನು ಹಾಕಿ, ಒಂದೊಂದು ಮೇಜಿಗೆ ಐದಾರು ಜನರನ್ನು ಕೂರಿಸಿ, ಹಳದಿ, ನೀಲಿ, ಹಸಿರು ಬಣ್ಣದ ಉದ್ದನೆಯ ಕಾಗದದ ಪಟ್ಟಿಗಳನ್ನೂ ಕತ್ತರಿಗಳನ್ನೂ ಹಂಚಿದರು. ಪಟ್ಟಿಗಳ ಮೇಲೆ ಆರ್‌ಎನ್‌ಎಯ ಘಟಕಗಳನ್ನು ಸೂಚಿಸುವ ಎ, ಯು, ಸಿ, ಜಿ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಅಚ್ಚಾಗಿದ್ದವು. ಹಳದಿ ಪಟ್ಟಿ ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾದ್ದು, ನೀಲಿ ಪಟ್ಟಿ ಮೀಥೇನ್ ಅನಿಲ ಉತ್ಪಾದಿಸುವ ಒಂದು ಜೀವಿಯದ್ದು, ಹಸಿರು ಪಟ್ಟಿ ಒಂದು ಸಸ್ಯದ ಹರಿದ್ರೇಣುವಿನದ್ದು (ಕ್ಲೋರೋಪ್ಲಾಸ್ಟ್). ಮೂರೂ 16ಎಸ್ ಆರ್‌ಎನ್‌ಎಯ ಭಾಗಗಳೇ. ಪ್ರತಿಯೊಂದು ಜಿ ಅಕ್ಷರದ ನಂತರವೂ ಕತ್ತರಿಸಬೇಕು ಎಂಬುದೊಂದೇ ನಿಯಮ. ಪ್ರಯೋಗಾಲಯದಲ್ಲಿ ಈ ಕತ್ತರಿಯ ಕೆಲಸವನ್ನು ಟಿ1 ಎಂಬ ಕಿಣ್ವ ಮಾಡುತ್ತಿತ್ತು.

ಕತ್ತರಿಸಿದ ಮೇಲೆ ಆರು ಅಕ್ಷರಗಳಿಗಿಂತ ಚಿಕ್ಕ ಚೂರುಗಳನ್ನು ಬದಿಗಿಡಿ ಎಂದರು. ನನ್ನ ಪಕ್ಕದಲ್ಲಿದ್ದ ಬಿ.ಎಸ್ಸಿ. ವಿದ್ಯಾರ್ಥಿನಿ, "ಯಾಕೆ ಸರ್, ಅದೂ ಸಾಕ್ಷ್ಯವೇ ಅಲ್ವಾ?" ಎಂದು ಕೇಳಿದಳು. ಎರಡು ಮೂರು ಅಕ್ಷರಗಳ ಚೂರುಗಳು ಯಾವ ಜೀವಿಯಲ್ಲಾದರೂ ಆಕಸ್ಮಿಕವಾಗಿ ಸಿಕ್ಕೇ ಸಿಗುತ್ತವೆ, ಅವುಗಳಿಂದ ನಂಟನ್ನು ಹೇಳಲಾಗದು. ಆರೇಳು ಅಕ್ಷರಗಳ ಚೂರು ಎರಡು ಕಡೆ ಒಂದೇ ರೀತಿ ಸಿಕ್ಕಿದರೆ ಮಾತ್ರ ಅದಕ್ಕೆ ತೂಕ ಎಂದು ಮೇಜಿನ ಮಾರ್ಗದರ್ಶಕರು ವಿವರಿಸಿದರು. ಉಳಿದ ಚೂರುಗಳನ್ನು ಬಣ್ಣವಾರು ಜೋಡಿಸಿ, ಎರಡು ಪಟ್ಟಿಗಳಲ್ಲಿ ಸಮಾನವಾಗಿ ಸಿಕ್ಕ ಅಕ್ಷರಗಳ ಎರಡರಷ್ಟನ್ನು ಎರಡೂ ಪಟ್ಟಿಗಳ ಒಟ್ಟು ಅಕ್ಷರಗಳಿಂದ ಭಾಗಿಸಿದೆವು. ಎರಡೂ ತದ್ರೂಪವಾಗಿದ್ದರೆ ಉತ್ತರ 1, ಏನೂ ಹೊಂದದಿದ್ದರೆ ಸೊನ್ನೆ. ನಮ್ಮ ಮೇಜಿನಲ್ಲಿ ಹಳದಿಗೂ ಹಸಿರಿಗೂ ಒಂದಷ್ಟು ಹೊಂದಿಕೆ ಕಂಡಿತು. ಇವೆರಡರ ಜೊತೆಗೂ ನೀಲಿ ಬಣ್ಣದ ಚೂರುಗಳು ಹೊಂದಲೇ ಇಲ್ಲ ಎನ್ನುವಷ್ಟು ದೂರ ಉಳಿದವು. 1977ರ ಕೋಷ್ಟಕದಲ್ಲಿಯೂ ಮೀಥೇನ್ ಜೀವಿಗಳಿಗೂ ಬ್ಯಾಕ್ಟೀರಿಯಾಗಳಿಗೂ ನಡುವಿನ ಅಂಕಿ ಸುಮಾರು 0.1ರ ಆಸುಪಾಸಿನಲ್ಲಿದೆ. ಆ ಹುಡುಗಿ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿ, "ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ" ಎಂದಳು. ಹೆಚ್ಚುಕಡಿಮೆ ಇದೇ ಮಾತನ್ನು 1976ರಲ್ಲಿ ವೋಸ್ ತಮ್ಮ ಸಹೋದ್ಯೋಗಿ ರಾಲ್ಫ್ ವುಲ್ಫ್ ಅವರ ಬಳಿಗೆ ಓಡಿಬಂದು ಹೇಳಿದ್ದರು ಎಂಬುದನ್ನು ವುಲ್ಫ್ ಬರೆದಿಟ್ಟಿದ್ದಾರೆ.

ನಾವು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ಇದ್ದ ವ್ಯತ್ಯಾಸವನ್ನು ಮುಂದಿನ ಉಪನ್ಯಾಸಕರು ಸ್ಪಷ್ಟಪಡಿಸಿದರು. ನಮ್ಮ ಕೈಯಲ್ಲಿ ಮೊದಲು ಇಡೀ ಪಟ್ಟಿ ಇತ್ತು, ಆಮೇಲೆ ಚೂರುಗಳಾದವು. ಅವರಿಗೆ ಸಿಕ್ಕಿದ್ದು ಚೂರುಗಳು ಮಾತ್ರ. 1,500ಕ್ಕೂ ಹೆಚ್ಚು ಅಕ್ಷರಗಳ ಈ ಅಣುವಿನ ಅಖಂಡ ಸಾಲನ್ನು ಇ. ಕೊಲೈಯಲ್ಲಿಯೂ ಮೊದಲ ಬಾರಿಗೆ ಓದಿದ್ದು 1978ರಲ್ಲಿ. ಅದಕ್ಕೂ ಮೊದಲು ಜೀವಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ ಬೆಳೆಸಿ, ಆರ್‌ಎನ್‌ಎಯನ್ನು ಬೇರ್ಪಡಿಸಿ, ಕಿಣ್ವದಿಂದ ಕತ್ತರಿಸಿ, ಚೂರುಗಳನ್ನು ವಿದ್ಯುತ್ತಿನಿಂದ ಎರಡು ದಿಕ್ಕಿಗೆ ಹರಡಿಸಿ, ಅವು ಎಕ್ಸ್-ರೇ ಫಿಲ್ಮಿನ ಮೇಲೆ ಮೂಡಿಸಿದ ಕಪ್ಪು ಚುಕ್ಕೆಗಳ ಸ್ಥಾನದಿಂದ ಅಕ್ಷರಗಳನ್ನು ಊಹಿಸಿ, ಮತ್ತೆ ಬೇರೆ ಕಿಣ್ವಗಳಿಂದ ಆ ಊಹೆಯನ್ನು ಪರೀಕ್ಷಿಸಬೇಕಿತ್ತು. ಆ ರಂಜಕದ ಅರ್ಧಾಯುಷ್ಯ 14 ದಿನಗಳಷ್ಟೇ ಆದ್ದರಿಂದ ಕೆಲಸವನ್ನು ಮುಂದಕ್ಕೆ ಹಾಕುವಂತೆಯೂ ಇರಲಿಲ್ಲ. ವೋಸ್ ವರ್ಷಗಟ್ಟಲೆ ಬೆಳಕಿನ ಪೆಟ್ಟಿಗೆಯ ಮುಂದೆ ಕುಳಿತು ಆ ಫಿಲ್ಮುಗಳನ್ನು ಓದಿದರು.

ಈ ಕೆಲಸ ಒಬ್ಬರಿಂದ ಆದದ್ದಲ್ಲ ಎಂಬುದನ್ನು ಅಲ್ಲಿ ಹೇಳಿದ್ದು ನನಗೆ ಸಮಾಧಾನ ತಂದಿತು. ಆಮ್ಲಜನಕ ತಾಗಿದರೆ ಉಳಿಯದ ಮೀಥೇನ್ ಜೀವಿಗಳನ್ನು ಗಾಳಿಯಾಡದಂತೆ ಮುಚ್ಚಿದ ಬಾಟಲಿಗಳಲ್ಲಿ, ಒತ್ತಡದ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿ ಬೆಳೆಸುವ ವಿಧಾನವನ್ನು ರೂಪಿಸಿದವರು ವುಲ್ಫ್ ಅವರ ವಿದ್ಯಾರ್ಥಿ ವಿಲಿಯಂ ಬಾಲ್ಚ್. ಆ ಬಾಟಲಿಗಳು ಇಲ್ಲದಿದ್ದರೆ ವೋಸ್ ಓದುವುದಕ್ಕೆ ಫಿಲ್ಮೇ ಇರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ದುಡಿದ ಲಿಂಡಾ ಮ್ಯಾಗ್ರಮ್ ಅವರ ಹೆಸರು 1977ರ ಅಕ್ಟೋಬರಿನಲ್ಲಿ ಬಂದ, ಮೀಥೇನ್ ಜೀವಿಗಳ ವರ್ಗೀಕರಣದ ಲೇಖನದಲ್ಲಿದೆ. ನವೆಂಬರಿನ ಪ್ರಸಿದ್ಧ ಲೇಖನದಲ್ಲಿ ಇಲ್ಲ. ಸಭಾಂಗಣದ ಹೊರಗೆ ಹಾಕಿದ್ದ ದೊಡ್ಡ ಭಾವಚಿತ್ರದಲ್ಲಿ ವೋಸ್ ಒಬ್ಬರೇ ಇದ್ದರು, ಅದರ ಕೆಳಗಿನ ಬರಹದಲ್ಲಿಯೂ ಅವರೊಬ್ಬರೇ.

ನನಗೆ ಅತ್ಯಂತ ಹಿಡಿಸಿದ ವಿವರ ಕೋಷ್ಟಕದ ಒಂದು ಮೂಲೆಯಲ್ಲಿತ್ತು. ವೋಸ್ ಮತ್ತು ಫಾಕ್ಸ್ ಹೋಲಿಸಿದ 13 ಸಾಲುಗಳಲ್ಲಿ ಎರಡು ಸಾಲು ಒಂದೇ ಸಸ್ಯದ್ದು. ಲೆಮ್ನಾ ಎಂಬ ಅದು ನಮ್ಮ ಕೆರೆ, ಪುಷ್ಕರಣಿಗಳ ನೀರಿನ ಮೇಲೆ ಹಸಿರು ಕಾಳು ಚೆಲ್ಲಿದಂತೆ ತೇಲುವ ಪುಟ್ಟ ಸಸ್ಯಗಳ ಕುಲಕ್ಕೆ ಸೇರಿದ್ದು. ಅದರ ಕೋಶದ ಸ್ವಂತ ಆರ್‌ಎನ್‌ಎ ಯೀಸ್ಟಿನ ಜೊತೆಗೂ ಪ್ರಾಣಿಕೋಶದ ಜೊತೆಗೂ ಸೇರಿಕೊಳ್ಳುತ್ತದೆ. ಅದೇ ಎಲೆಯ ಹರಿದ್ರೇಣುವಿನ ಆರ್‌ಎನ್‌ಎ ಬ್ಯಾಕ್ಟೀರಿಯಾಗಳ ಪಂಕ್ತಿಯಲ್ಲಿ ಹೋಗಿ ಕೂರುತ್ತದೆ. ಸಸ್ಯದ ಹಸಿರಿನ ಮೂಲ ಒಂದು ಕಾಲದಲ್ಲಿ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ತರಗತಿಯಲ್ಲಿ ತೋರಿಸುವುದು ಕಷ್ಟ.

ಮಧ್ಯಾಹ್ನದ ಊಟದ ನಂತರ ಆ ಲೇಖನಕ್ಕೆ ಸಿಕ್ಕ ಸ್ವಾಗತದ ಚರ್ಚೆ. ಸುದ್ದಿ 1977ರ ನವೆಂಬರ್ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂತು. ವಿಜ್ಞಾನಿಗಳು ದಿನಪತ್ರಿಕೆಯ ಮೂಲಕ ವಿಜ್ಞಾನವನ್ನು ಪ್ರಕಟಿಸುವುದು ಹಲವರಿಗೆ ಸಹಿಸಲಾಗಲಿಲ್ಲ. ನೊಬೆಲ್ ಪುರಸ್ಕೃತರೊಬ್ಬರು ವುಲ್ಫ್ ಅವರಿಗೆ ಫೋನ್ ಮಾಡಿ, ಈ ಅಸಂಬದ್ಧದಿಂದ ದೂರ ಸರಿಯದಿದ್ದರೆ ನಿಮ್ಮ ವೃತ್ತಿಜೀವನ ಹಾಳಾಗುತ್ತದೆ ಎಂದು ಎಚ್ಚರಿಸಿದರಂತೆ. ಜರ್ಮನಿಯ ಒಟ್ಟೋ ಕಾಂಡ್ಲರ್ ಮಾತ್ರ ಮೊದಲಿನಿಂದಲೂ ಬೆಂಬಲಿಸಿದರು. ಈ ಜೀವಿಗಳ ಕೋಶಭಿತ್ತಿ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಂತಿಲ್ಲ ಎಂಬುದನ್ನು ಅವರು ಬೇರೆ ದಾರಿಯಿಂದ ಕಂಡಿದ್ದರು. ವೋಸ್ ಮತ್ತು ಕಾಂಡ್ಲರ್ ಇಬ್ಬರೂ ಮಾರ್ಕ್ ವೀಲಿಸ್ ಅವರೊಂದಿಗೆ ಸೇರಿ 1990ರಲ್ಲಿ ಬ್ಯಾಕ್ಟೀರಿಯಾ, ಆರ್ಕಿಯಾ (ಮೀಥೇನ್ ಜೀವಿಗಳು ಸೇರುವುದು ಇದರಲ್ಲಿ), ಯೂಕಾರ್ಯ (ಕೋಶಕೇಂದ್ರವುಳ್ಳ ಜೀವಿಗಳು) ಎಂಬ ಮೂರು ಅಧಿಕ್ಷೇತ್ರಗಳ ಪದ್ಧತಿಯನ್ನು ಮುಂದಿಟ್ಟರು. ವಿಕಾಸವಾದದ ಹಿರಿಯ ಅರ್ನ್ಸ್ಟ್ ಮೈಯರ್ 1998ರಲ್ಲಿಯೂ ಅದನ್ನು ಒಪ್ಪಿರಲಿಲ್ಲ. 2003ರಲ್ಲಿ ಕ್ರಾಫೋರ್ಡ್ ಪ್ರಶಸ್ತಿ ಬರುವಾಗ ವೋಸ್ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು. 2012ರ ಡಿಸೆಂಬರ್ 30ರಂದು ಅವರು ತೀರಿಕೊಂಡರು.

ದಿನದ ಕೊನೆಯ ಉಪನ್ಯಾಸ ಗೌರವ ಸಲ್ಲಿಸುವ ಬಗೆಯಲ್ಲಿಯೇ ಬೇರೆಯಾಗಿತ್ತು. ಯುವ ಸಂಶೋಧಕಿಯೊಬ್ಬರು ವೋಸ್ ಅವರ ಮರವನ್ನು ಪರದೆಯ ಮೇಲೆ ತೋರಿಸಿ, ಅದು ಈಗ ಪೂರ್ತಿ ಸರಿಯಲ್ಲ ಎಂದೇ ಮಾತು ಶುರುಮಾಡಿದರು. ಉತ್ತರ ಅಟ್ಲಾಂಟಿಕ್ ಸಾಗರತಳದ ಲೋಕೀಸ್ ಕಾಸಲ್ ಎಂಬ ಬಿಸಿನೀರಿನ ಬುಗ್ಗೆಗಳ ಸಮೀಪದ ಕೆಸರಿನಿಂದ 2015ರಲ್ಲಿ ವರದಿಯಾದ ಲೋಕಿಆರ್ಕಿಯಾ ಗುಂಪಿನಲ್ಲಿ, ನಮ್ಮಂಥ ಕೋಶಕೇಂದ್ರವುಳ್ಳ ಜೀವಿಗಳಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದ ಹಲವು ವಂಶವಾಹಿಗಳು ಸಿಕ್ಕಿವೆ. ಅದರ ಹತ್ತಿರದ ನೆಂಟನೊಂದನ್ನು ಜಪಾನಿನ ತಂಡ ಹನ್ನೆರಡು ವರ್ಷ ಪ್ರಯತ್ನಪಟ್ಟು ಬೆಳೆಸಿ 2020ರಲ್ಲಿ ಪ್ರಕಟಿಸಿತು. ಹಾಗಾಗಿ ಯೂಕಾರ್ಯ ಶಾಖೆ ಆರ್ಕಿಯಾದ ಪಕ್ಕದಲ್ಲಿ ಅಲ್ಲ, ಅದರ ಒಳಗಿನಿಂದಲೇ ಚಿಗುರಿತು ಎಂದು ಈಗ ಬಹಳ ಮಂದಿ ಒಪ್ಪುತ್ತಾರೆ. ಸಭೆಯಲ್ಲಿದ್ದ ಹಿರಿಯರೊಬ್ಬರು ಸ್ವಲ್ಪ ಅಸಮಾಧಾನದಿಂದಲೇ, "ಹಾಗಾದರೆ ಇವತ್ತು ಯಾರ ಗೌರವಾರ್ಥ ಸೇರಿದ್ದೇವೆ?" ಎಂದು ಕೇಳಿದರು. ಮರ ತಪ್ಪು ಎಂದು ತೋರಿಸಿದ್ದು ಅವರದೇ ವಿಧಾನ ಸರ್, ಎಂದು ಆಕೆ ಉತ್ತರಿಸಿದರು. ಎರಡು ದಿನದ ವೇದಿಕೆಯಲ್ಲಿ ವೋಸ್ ಅವರಿಗೆ ಸಂದ ಒಳ್ಳೆಯ ಗೌರವ ಅದೇ ಎಂದು ನನಗನ್ನಿಸಿತು.

ಆದಿತ್ಯವಾರ

ಈ ದಿನವನ್ನು ಹೊರಸಂಚಾರಕ್ಕೆಂದು ಇಟ್ಟಿದ್ದರು. ಬೆಳಗ್ಗೆ ಬೇಗ ಹೊರಟ ಬಸ್ಸು ಮೂಲ್ಕಿ, ಕಾಪು ದಾಟಿ ಉಡುಪಿಯ ಮೂಲಕ ಮಲ್ಪೆ ಸೇರಿತು. ಬಂದರಿನ ಆಚೆ ಮೀನು ಒಣಗಿಸುವ ಜಾಗದಲ್ಲಿ, ಒಣಮೀನಿನ ಸೂಕ್ಷ್ಮಜೀವಿಗಳ ಮೇಲೆ ಬಹುಕಾಲ ಕೆಲಸ ಮಾಡಿದ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ನಮಗಾಗಿ ಕಾದಿದ್ದರು. ಸೀಳಿ ಉಪ್ಪು ಹಾಕಿದ ಬಂಗುಡೆಗಳನ್ನು ಬಲೆಯ ಮೇಲೆ ಹರಡಿದ್ದರು. ದೊಡ್ಡ ತೊರಕೆ ಮೀನಿನ ತುಂಡುಗಳು ಬೇರೆಯಾಗಿ ಒಣಗುತ್ತಿದ್ದವು. ಒಂದು ಬುಟ್ಟಿಯಲ್ಲಿ ಬದಿಗೆ ತೆಗೆದಿಟ್ಟ ಬಂಗುಡೆಗಳ ಸೀಳಿದ ಮುಖದ ಮೇಲೆ, ಬೆನ್ನೆಲುಬಿನ ಬದಿಯಲ್ಲಿ, ಜಿಗುಟಾದ ನಸುಗೆಂಪು ಪದರ ಕಟ್ಟಿತ್ತು.

"ಮೋಡ ಕಟ್ಟಿ ಸರಿಯಾಗಿ ಒಣಗದಿದ್ರೆ ಹೀಗೆ ಕೆಂಪು ಬರ್ತದೆ ಮಾರಾಯ್ರೆ. ಇದನ್ನು ಯಾರು ತಗೊಳ್ತಾರೆ?" ಎಂದರು ಮೀನು ಮಗುಚುತ್ತಿದ್ದ ಮಹಿಳೆ.

"ಇದಕ್ಕೆ ಒಣಗದ್ದೊಂದೇ ಕಾರಣ ಅಲ್ಲ ಅಕ್ಕ, ಇದು ಉಪ್ಪಿನಿಂದಲೇ ಬರುವಂಥದ್ದು" ಎಂದರು ಪ್ರಾಧ್ಯಾಪಕಿ.

ಸಮುದ್ರದ ನೀರನ್ನು ಆಗರಗಳಲ್ಲಿ ಕಟ್ಟಿ ಬಿಸಿಲಿಗೆ ಆರಿಸಿ ಮಾಡಿದ ಉಪ್ಪಿನಲ್ಲಿ ಹ್ಯಾಲೋಬ್ಯಾಕ್ಟೀರಿಯಂ ಮುಂತಾದ ಲವಣಪ್ರಿಯ ಜೀವಿಗಳಿರುತ್ತವೆ. ಉಪ್ಪು ಹರಳುಗಟ್ಟುವ ಹಂತದಲ್ಲಿ ಆಗರದ ನೀರು ಕೆಂಪಾಗುವುದಕ್ಕೂ ಇವುಗಳ ಪಾಲಿದೆ. ಹೆಸರಿನಲ್ಲಿ ಬ್ಯಾಕ್ಟೀರಿಯಾ ಎಂದಿದ್ದರೂ ಇವು ಆರ್ಕಿಯಾಗಳು. 1977ರ ನಂತರ ಮೀಥೇನ್ ಜೀವಿಗಳ ಜೊತೆ ಇವನ್ನೂ ಸೇರಿಸಲಾಯಿತು. ಪ್ರಾಧ್ಯಾಪಕಿ ಆ ಕೆಂಪನ್ನು ಚೂರು ಕೆರೆದು, ಗಟ್ಟಿ ಉಪ್ಪುನೀರಿನ ಹನಿಯಲ್ಲಿ ಕದಡಿ, ತಂದಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟರು. 400 ಪಟ್ಟು ಹಿಗ್ಗಿದ ನೋಟದಲ್ಲಿ ಸಣ್ಣ ಕಡ್ಡಿಗಳು ಕಂಡವು. ನಂತರ ಗಾಜಿನ ಅಂಚಿಗೆ ಸಿಹಿನೀರಿನ ಒಂದು ಹನಿ ಬಿಟ್ಟರು. ನೀರು ಒಳಗೆ ಹರಿದ ಕಡೆಯಿಂದ ಕಡ್ಡಿಗಳು ಗುಂಡಗಾಗಿ, ನೋಡನೋಡುತ್ತಲೇ ಒಡೆದು ಇಲ್ಲವಾದವು. ಇವುಗಳ ಕೋಶದ ಒಳಗೂ ಲವಣ ತುಂಬಿಕೊಂಡಿರುತ್ತದೆ, ಹೊರಗಿನ ಉಪ್ಪು ಕಡಿಮೆಯಾದರೆ ಕೋಶದ ಹೊರಕವಚವೇ ಕಳಚಿಕೊಳ್ಳುತ್ತದೆ. ಮೀನು ಮಗುಚುತ್ತಿದ್ದ ಮಹಿಳೆಯೂ ಕಣ್ಣಿಟ್ಟು ನೋಡಿ, "ಹಾಗಾದ್ರೆ ಬಾವಿ ನೀರಲ್ಲಿ ತೊಳೆದ್ರೆ ಸಾಕಲ್ಲ?" ಎಂದರು. ತೊಳೆದರೆ ಈ ಕೆಂಪು ಹೋಗುತ್ತದೆ, ಆದರೆ ಉಪ್ಪು ತೊಳೆದುಹೋಗಿ ಒದ್ದೆಯಾದ ಮೀನಿಗೆ ಬೇರೆ ಬ್ಯಾಕ್ಟೀರಿಯಾ ಹತ್ತುತ್ತದೆ. ಶುದ್ಧವಾದ ಉಪ್ಪನ್ನು ಮತ್ತೆ ಹಾಕಿ ಚೆನ್ನಾಗಿ ಒಣಗಿಸಲೇಬೇಕು ಎಂಬ ಉತ್ತರ ಬಂತು. ಮನುಷ್ಯರಿಗೆ ರೋಗ ತರುವುದು ಖಚಿತವಾದ ಆರ್ಕಿಯಾ ಒಂದೂ ಈವರೆಗೆ ಸಿಕ್ಕಿಲ್ಲ ಎಂಬುದನ್ನೂ ಪ್ರಾಧ್ಯಾಪಕಿ ಸೇರಿಸಿದರು. ಕೆಂಪಾದ ಮೀನು ಮಾರಾಟವಾಗದಿರುವುದು ಬೇರೆಯೇ ಪ್ರಶ್ನೆ.

ಇದೇ ಲವಣಪ್ರಿಯರ ಬಳಗದ, ಮೃತ ಸಮುದ್ರದ ಹ್ಯಾಲೋಆರ್ಕುಲಾ ಎಂಬ ಜೀವಿಯ ರೈಬೋಸೋಮಿನ ದೊಡ್ಡ ಭಾಗದ ರಚನೆಯನ್ನು ಥಾಮಸ್ ಸ್ಟೈಟ್ಜ್ ಬಿಡಿಸಿದರು. ವೋಸ್ ಓದಿದ ಆರ್‌ಎನ್‌ಎ ಇರುವ ಚಿಕ್ಕ ಭಾಗದ ರಚನೆಯನ್ನು ಬಿಡಿಸಿದವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಅದಾ ಯೋನತ್ ಅವರ ಜೊತೆ ಈ ಇಬ್ಬರಿಗೂ 2009ರ ನೊಬೆಲ್ ಬಂತು. ವೋಸ್ ಅವರಿಗೆ ಆ ಪ್ರಶಸ್ತಿ ಕೊನೆಗೂ ಬರಲಿಲ್ಲ. ಬಸ್ಸಿನಲ್ಲಿ ಈ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು, ಫಲವೇನೂ ಇಲ್ಲ.

ಮಧ್ಯಾಹ್ನ ಉಡುಪಿ ಸಮೀಪದ ಹಳ್ಳಿಯೊಂದರ ಬೈಲಿಗೆ ಹೋದೆವು. ಇಲ್ಲಿನ ಗದ್ದೆಗಳಲ್ಲಿ ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತೀರ ತಗ್ಗಿನದ್ದು ಬೈಲು. ಏಣೆಲು ಎಂಬ ಮಳೆಗಾಲದ ಬೆಳೆಯ ಕೊಯ್ಲು ಮುಗಿದರೂ ಬೈಲಿನಲ್ಲಿ ನೀರು ನಿಂತೇ ಇತ್ತು. ಕಾಲೇಜಿನ ಹುಡುಗರು ಬುಡ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿಸಿ ತಲೆಕೆಳಗಾಗಿ ಹಿಡಿದು, ಅದರ ಕೆಳಗಿನ ಕೆಸರನ್ನು ಕೋಲಿನಿಂದ ಕಲಕಿದರು. ಗುಳ್ಳೆಗಳು ಎದ್ದು ಬಾಟಲಿಯ ಕತ್ತಿನಲ್ಲಿ ಸೇರಿದವು. ಮುಚ್ಚಳ ತೆಗೆದು ಕಡ್ಡಿ ಗೀರಿದಾಗ ಮಾಸಲು ನೀಲಿ ಜ್ವಾಲೆ ಕ್ಷಣಕಾಲ ಕಂಡು ಆರಿತು. 1776ರ ನವೆಂಬರಿನಲ್ಲಿ ಅಲೆಸ್ಸಾಂಡ್ರೋ ವೋಲ್ಟಾ ಇಟಲಿಯ ಮಜ್ಜೋರೆ ಸರೋವರದ ಜೌಗಿನಲ್ಲಿ ಮಾಡಿದ್ದೂ ಬಹುಮಟ್ಟಿಗೆ ಇದೇ ಪ್ರಯೋಗ. ಆ ಅನಿಲವನ್ನು ಮಾಡುವ ಜೀವಿಗಳು ಯಾವ ಕುಲದವು ಎಂದು ತಿಳಿಯಲು ಅಲ್ಲಿಂದ 200 ವರ್ಷ ಬೇಕಾಯಿತು. ಗದ್ದೆಯ ಕೆಸರಿನಲ್ಲಿ, ಹಸುವಿನ ಮೊದಲ ಹೊಟ್ಟೆಯಲ್ಲಿ, ಹಟ್ಟಿಯ ಪಕ್ಕದ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಕೆಲಸ ಮಾಡುವುದು ಇವೇ.

ಆದರೆ ಗದ್ದೆಯ ಯಜಮಾನರಿಗೆ ವಂಶವೃಕ್ಷಕ್ಕಿಂತ ಬೇರೆ ಚಿಂತೆಯಿತ್ತು. ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ, ಅದರ ಹೆಚ್ಚಿನ ಪಾಲು ಭತ್ತದ ಕಾಂಡದೊಳಗಿನ ಗಾಳಿಕೊಳವೆಗಳ ಮೂಲಕವೇ ಹೊರಬರುತ್ತದೆ, ನಡುನಡುವೆ ನೀರು ಬಸಿದರೆ ಕೆಸರಿಗೆ ಆಮ್ಲಜನಕ ತಾಗಿ ಉತ್ಪಾದನೆ ತಗ್ಗುತ್ತದೆ ಎಂದು ವಿವರಿಸಿದಾಗ ಅವರು, "ಬೈಲಿನ ನೀರನ್ನು ಎಲ್ಲಿಗೆ ಬಿಡುವುದು? ಬಿಟ್ಟರೂ ಕಳೆ ಬರ್ತದೆ, ತೆಗೆಯಲಿಕ್ಕೆ ಜನ ಎಲ್ಲಿ ಉಂಟು?" ಎಂದು ಕೇಳಿದರು. ಮಜಲು ಗದ್ದೆಗಳಲ್ಲಿ ಇದು ಸಾಧ್ಯ, ಬೈಲಿನಲ್ಲಿ ಸುಲಭವಲ್ಲ ಎಂದು ಉಪನ್ಯಾಸಕರು ಒಪ್ಪಿಕೊಂಡರು.

ಸೋಮವಾರ

ಮಧ್ಯಾಹ್ನದ ಬಸ್ಸಿಗೆ ಮುಂಚೆ ನಾವು ಕೆಲವು ಪಿಯು ಉಪನ್ಯಾಸಕರು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತೆವು. ಪ್ರಥಮ ಪಿಯುಸಿ ಪಠ್ಯ ಇಂದಿಗೂ ಆರ್. ಎಚ್. ವಿಟೇಕರ್ 1969ರಲ್ಲಿ ಕೊಟ್ಟ ಐದು ಸಾಮ್ರಾಜ್ಯಗಳ ಮೇಲೆ ನಿಂತಿದೆ. ಆರ್ಕಿಯಾಗಳು ಅದರಲ್ಲಿ, ಕೋಶಕೇಂದ್ರವಿಲ್ಲದ ಜೀವಿಗಳ ಸಾಮ್ರಾಜ್ಯವಾದ ಮೊನೆರಾದ ಒಂದು ಉಪವಿಭಾಗ. ಮೂರು ಅಧಿಕ್ಷೇತ್ರಗಳ ವಿಷಯವನ್ನು ಮೇಲಿನ ತರಗತಿಗಳಲ್ಲಿ ಕಲಿಯುವಿರಿ ಎಂದು ಹೇಳಿ ಮುಗಿಸಲಾಗಿದೆ. ಪರೀಕ್ಷೆಗೆ ಬರುವುದನ್ನು ಬಿಟ್ಟು ಪಾಠ ಮಾಡಲಾಗದು ಎಂದು ಕೆಲವರು ಹೇಳಿದ್ದು ನಿಜವೇ. ಕಾಗದದ ಪಟ್ಟಿಗಳ ಅಭ್ಯಾಸಕ್ಕೆ ಒಂದು ಪ್ರಾಯೋಗಿಕ ತರಗತಿ ಸಾಕು, ಅದನ್ನು ಮೊನೆರಾ ಪಾಠಕ್ಕೆ ಜೋಡಿಸಬಹುದು ಎಂದು ನಾನು ವಾದಿಸಿದೆ. ಸಂಘಟಕರು ಪಟ್ಟಿಗಳ ಅಚ್ಚಿನ ಪ್ರತಿಯನ್ನು ಕೇಳಿದವರಿಗೆಲ್ಲ ಕೊಟ್ಟರು. ಅದರಲ್ಲಿ ಯೀಸ್ಟಿನ ಪಟ್ಟಿ ಇರಲಿಲ್ಲ. ಅದಿಲ್ಲದೆ ಮೂರನೆಯ ಶಾಖೆ ಕಾಣುವುದಿಲ್ಲವಾದ್ದರಿಂದ ಅದನ್ನೂ ಸೇರಿಸಿ, ಡಿಸೆಂಬರ್ ಒಳಗೆ ನಾಲ್ಕು ಬಣ್ಣಗಳಲ್ಲಿ ಅಚ್ಚು ಹಾಕಿಸಿ ಉಳಿದವರಿಗೆ ಕಳುಹಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.